ಗೋಡೆಯ ಹಿಂದೆ ಆರು ಜೀವ: ಗಡಿಯಾರ ರಿಪೇರಿಯ ಕೊರ್ರಿ ಟೆನ್ ಬೂಮ್

ನೆದರ್‌ಲೆಂಡ್ಸ್‌ನ ರಾಜಧಾನಿ ಆಮ್‌ಸ್ಟರ್‌ಡ್ಯಾಮ್‌ನಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಹಾರ್ಲೆಮ್ ಎಂಬ ಹಳೆಯ ನಗರವಿದೆ. ಆ ಊರಿನ ಬಾರ್ಟೆಲ್‌ಯೋರಿಸ್ ಬೀದಿಯ 19ನೇ ಸಂಖ್ಯೆಯ ಮನೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊರಗಿನಿಂದ ನೋಡುವವರಿಗೆ ಬರಿಯ ಗಡಿಯಾರದ ಅಂಗಡಿಯಾಗಿತ್ತು. ಒಳಗೆ ಮಾತ್ರ ನಾಜಿಗಳ ಕಣ್ಣು ತಪ್ಪಿಸಿ ಯಹೂದಿಗಳನ್ನು ಅಡಗಿಸುವ, ಅವರಿಗೆ ಅನ್ನ ಹಾಕುವ, ಸುರಕ್ಷಿತ ನೆಲೆಗಳಿಗೆ ಸಾಗಿಸುವ ಕೆಲಸ ಸುಮಾರು ಎರಡು ವರ್ಷ ಸದ್ದಿಲ್ಲದೆ ನಡೆಯಿತು. ಅದರ ಹೊಣೆ ಹೊತ್ತಿದ್ದವರು ಐವತ್ತು ದಾಟಿದ ಅವಿವಾಹಿತ ಮಹಿಳೆ, ವೃತ್ತಿಯಿಂದ ಗಡಿಯಾರ ದುರಸ್ತಿಗಾರ್ತಿ, ಕೊರ್ನೇಲಿಯಾ ಟೆನ್ ಬೂಮ್. ಜಗತ್ತು ಅವರನ್ನು ಕೊರ್ರಿ ಎಂಬ ಮನೆಯ ಹೆಸರಿನಿಂದಲೇ ಬಲ್ಲದು.

ಕೊರ್ರಿ ಸೇನಾನಿಯಲ್ಲ, ರಾಜಕಾರಣಿಯಲ್ಲ. ಕೈಯಲ್ಲಿ ಅಧಿಕಾರವಾಗಲಿ ಸಂಪತ್ತಾಗಲಿ ಇರಲಿಲ್ಲ. ಸಾಮಾನ್ಯರು ತಮ್ಮ ದಿನನಿತ್ಯದ ಕೆಲಸವನ್ನು ಯಾರ ಪರವಾಗಿ ಮಾಡುತ್ತಾರೆ ಎಂಬುದರ ಮೇಲೆ ನೆರೆಯವರ ಸಾವು ಬದುಕು ನಿರ್ಧಾರವಾಗುವ ಕಾಲವೊಂದು ಬರುತ್ತದೆ ಎಂಬುದಕ್ಕೆ ಅವರ ಬದುಕು ಸಾಕ್ಷಿ.

ಗಡಿಯಾರದ ಮನೆತನ

ಕೊರ್ರಿ ಜನಿಸಿದ್ದು 1892ರ ಏಪ್ರಿಲ್ 15ರಂದು. ಅಜ್ಜ ವಿಲ್ಲೆಮ್ 1837ರಲ್ಲಿ ತೆರೆದಿದ್ದ ಗಡಿಯಾರದ ಅಂಗಡಿಯನ್ನು ಆಗ ತಂದೆ ಕ್ಯಾಸ್ಪರ್ ನಡೆಸುತ್ತಿದ್ದರು. ಅವರದು ಡಚ್ ಸುಧಾರಿತ ಚರ್ಚ್‌ಗೆ ಸೇರಿದ ಶ್ರದ್ಧಾವಂತ ಕುಟುಂಬ. ಯಹೂದಿ ಜನರ ಒಳಿತಿಗಾಗಿ ವಾರಕ್ಕೊಮ್ಮೆ ಪ್ರಾರ್ಥನೆ ಸಲ್ಲಿಸುವ ರೂಢಿಯನ್ನು ಅಜ್ಜ 1844ರಲ್ಲಿಯೇ ಆರಂಭಿಸಿದ್ದರು. ಕೊರ್ರಿಯ ಅಣ್ಣ ವಿಲ್ಲೆಮ್ ಧರ್ಮಗುರುವಾಗಿ, ಜರ್ಮನಿಯಲ್ಲಿ ಅಧ್ಯಯನ ಮಾಡಿ, ಯಹೂದಿ ದ್ವೇಷದ ಬೆಳವಣಿಗೆಯ ಬಗ್ಗೆ 1920ರ ದಶಕದಲ್ಲಿಯೇ ಪ್ರಬಂಧ ಬರೆದಿದ್ದರು. ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ ಅವರಿಗೆ ಅಪಾಯದ ವಾಸನೆ ಬಡಿದಿತ್ತು.

ನಾಲ್ವರು ಮಕ್ಕಳಲ್ಲಿ ಕೊರ್ರಿ ಕಿರಿಯವರು. ಹಿರಿಯಕ್ಕ ಬೆಟ್ಸಿ ಆರೋಗ್ಯ ಸೂಕ್ಷ್ಮವಾಗಿದ್ದರಿಂದ ಮನೆಯೊಳಗಿನ ವ್ಯವಹಾರ ನೋಡಿಕೊಂಡರು. ಕೊರ್ರಿ ತಂದೆಯ ಪಕ್ಕದಲ್ಲಿ ಕುಳಿತು ಗಡಿಯಾರದ ಕೆಲಸ ಕಲಿತರು. 1922ರಲ್ಲಿ ಅವರು ನೆದರ್‌ಲೆಂಡ್ಸ್‌ನ ಮೊದಲ ಪರವಾನಗಿ ಪಡೆದ ಮಹಿಳಾ ಗಡಿಯಾರ ತಜ್ಞೆಯಾದರು. ಬಿಡುವಿನ ವೇಳೆಯಲ್ಲಿ ಹದಿಹರೆಯದ ಹುಡುಗಿಯರಿಗಾಗಿ ಸಂಘ ಕಟ್ಟಿದರು. ಬುದ್ಧಿಮಾಂದ್ಯ ಮಕ್ಕಳಿಗೆ ಪಾಠ ಹೇಳಿಕೊಟ್ಟರು. ಊರಿನಲ್ಲಿ ಟೆನ್ ಬೂಮ್ ಕುಟುಂಬದ ಪರಿಚಯವಿಲ್ಲದವರು ಕಡಿಮೆ ಎಂಬಂತಾಯಿತು. ಈ ಪರಿಚಯದ ಬಲವೇ ಮುಂದೆ ನೂರಾರು ಜೀವಗಳ ಉಳಿವಿಗೆ ಆಧಾರವಾಯಿತು.

ಆಕ್ರಮಣದ ಮೊದಲ ವರ್ಷಗಳು

1940ರ ಮೇ 10ರಂದು ಜರ್ಮನ್ ಸೇನೆ ನೆದರ್‌ಲೆಂಡ್ಸ್ ಮೇಲೆ ದಾಳಿ ಮಾಡಿತು. ಐದೇ ದಿನಗಳಲ್ಲಿ ದೇಶ ಶರಣಾಯಿತು. ಆಗ ಅಲ್ಲಿ ಸುಮಾರು 1.4 ಲಕ್ಷ ಯಹೂದಿಗಳಿದ್ದರು.

ನಾಜಿಗಳು ಒಮ್ಮೆಲೇ ಕತ್ತಿ ಹಿರಿಯಲಿಲ್ಲ, ಕಾಗದದಿಂದ ಆರಂಭಿಸಿದರು. 1941ರ ಜನವರಿಯಲ್ಲಿ ಯಹೂದಿಗಳೆಲ್ಲರೂ ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಹೊರಟಿತು. ಬಹುತೇಕ ಎಲ್ಲರೂ ನೋಂದಾಯಿಸಿದರು. ಗುರುತಿನ ಚೀಟಿಯ ಮೇಲೆ ಯಹೂದಿ ಎಂಬುದನ್ನು ಸೂಚಿಸುವ ಅಕ್ಷರದ ಮುದ್ರೆ ಬಿತ್ತು. ಉದ್ಯಾನ, ಗ್ರಂಥಾಲಯ, ಚಿತ್ರಮಂದಿರಗಳ ಬಾಗಿಲು ಅವರಿಗೆ ಮುಚ್ಚಿದವು. 1941ರ ಫೆಬ್ರವರಿ 25 ಮತ್ತು 26ರಂದು ಆಮ್‌ಸ್ಟರ್‌ಡ್ಯಾಮ್‌ನ ಕಾರ್ಮಿಕರು ಯಹೂದಿಗಳ ಬಂಧನವನ್ನು ಪ್ರತಿಭಟಿಸಿ ಮುಷ್ಕರ ಹೂಡಿದರು, ಹಾರ್ಲೆಮ್‌ಗೂ ಅದು ಹಬ್ಬಿತು. ಆದರೆ ಅದನ್ನು ಬಲಪ್ರಯೋಗದಿಂದ ಅಡಗಿಸಲಾಯಿತು. 1942ರ ಮೇ ತಿಂಗಳಿಂದ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಧರಿಸಬೇಕಾಯಿತು. ಅದೇ ಜುಲೈನಿಂದ ವೆಸ್ಟರ್‌ಬೋರ್ಕ್ ಶಿಬಿರದ ಮೂಲಕ ಪೂರ್ವಕ್ಕೆ ರೈಲುಗಳು ಹೊರಡತೊಡಗಿದವು. ಅವುಗಳ ಗಮ್ಯ ಆಶ್ವಿಟ್ಜ್ ಮತ್ತು ಸೋಬಿಬೋರ್.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನೋಂದಣಿ ಪುಸ್ತಕ ಬರೆದವರು ಡಚ್ ಗುಮಾಸ್ತರು. ಮನೆಯಿಂದ ಮನೆಗೆ ಹೋಗಿ ಜನರನ್ನು ಹಿಡಿದು ತಂದವರಲ್ಲಿ ಡಚ್ ಪೊಲೀಸರಿದ್ದರು. ದೇಶದ ಗಡಿಯವರೆಗೆ ರೈಲು ಓಡಿಸಿದ್ದು ಡಚ್ ರೈಲ್ವೆ. ಇವರಲ್ಲಿ ಹೆಚ್ಚಿನವರು ಕ್ರೂರಿಗಳೇನಲ್ಲ, ಹೇಳಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದವರು, ಅಷ್ಟೆ. ಆ ಅಚ್ಚುಕಟ್ಟುತನದ ಫಲವಾಗಿ ದೇಶದ ಯಹೂದಿಗಳಲ್ಲಿ ಸುಮಾರು 1.02 ಲಕ್ಷ ಮಂದಿ ಹತರಾದರು. ಅಂದರೆ ನಾಲ್ವರಲ್ಲಿ ಮೂವರು. ಪಶ್ಚಿಮ ಯೂರೋಪಿನ ಆಕ್ರಮಿತ ದೇಶಗಳಲ್ಲಿ ಇಷ್ಟು ದೊಡ್ಡ ಪ್ರಮಾಣದ ಸಾವು ಬೇರೆಲ್ಲಿಯೂ ಸಂಭವಿಸಲಿಲ್ಲ.

ಬಾಗಿಲು ತಟ್ಟಿದವರು

1942ರ ಮೇ ತಿಂಗಳ ಒಂದು ಸಂಜೆ ಯಹೂದಿ ಮಹಿಳೆಯೊಬ್ಬರು ಸಣ್ಣ ಪೆಟ್ಟಿಗೆಯೊಂದನ್ನು ಹಿಡಿದು ಟೆನ್ ಬೂಮ್ ಮನೆಯ ಬಾಗಿಲಿಗೆ ಬಂದರು. ಅವರ ಪತಿ ಬಂಧನದಲ್ಲಿದ್ದರು, ಮಗ ತಲೆಮರೆಸಿಕೊಂಡಿದ್ದ. ಈ ಮನೆಯವರು ಈ ಹಿಂದೆ ಯಹೂದಿ ನೆರೆಯವರಿಗೆ ನೆರವಾದದ್ದನ್ನು ಕೇಳಿ ಅವರು ಬಂದಿದ್ದರು. ಪೊಲೀಸ್ ಠಾಣೆ ಆ ಮನೆಯಿಂದ ಕೂಗಳತೆ ದೂರದಲ್ಲಿತ್ತು. ವೃದ್ಧ ಕ್ಯಾಸ್ಪರ್ ಎರಡನೆಯ ಯೋಚನೆ ಮಾಡದೆ ಬಂದವರನ್ನು ಒಳಗೆ ಕರೆದರು. ಎರಡು ದಿನಗಳ ಬಳಿಕ ವೃದ್ಧ ದಂಪತಿ ಬಂದರು. ಅಲ್ಲಿಂದ ಮುಂದೆ ಬರುವವರ ಸಾಲು ನಿಲ್ಲಲಿಲ್ಲ.

ಮನೆಯಲ್ಲಿ ಜಾಗ ಮಾಡಿಕೊಡುವುದು ಕಷ್ಟದ ಮಾತಾಗಿರಲಿಲ್ಲ. ಕಷ್ಟವಿದ್ದದ್ದು ಊಟಕ್ಕೆ. ಯುದ್ಧಕಾಲದಲ್ಲಿ ಬ್ರೆಡ್ಡಿನಿಂದ ಹಿಡಿದು ಸಾಬೂನಿನವರೆಗೆ ಎಲ್ಲವೂ ಪಡಿತರ ಚೀಟಿಯ ಮೇಲೆ ಸಿಗುತ್ತಿತ್ತು. ತಲೆಮರೆಸಿಕೊಂಡ ಯಹೂದಿಗೆ ಚೀಟಿಯಿಲ್ಲ, ಚೀಟಿಯಿಲ್ಲದವರಿಗೆ ಅನ್ನವಿಲ್ಲ. ಊರಿನ ಪಡಿತರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಪರಿಚಿತರೊಬ್ಬರ ಮಗಳು ಕೊರ್ರಿ ನಡೆಸುತ್ತಿದ್ದ ಮಕ್ಕಳ ಪ್ರಾರ್ಥನಾ ಕೂಟಕ್ಕೆ ಬರುತ್ತಿದ್ದಳು. ಆ ನೌಕರನ ಮನೆಗೆ ಒಂದು ಸಂಜೆ ಕೊರ್ರಿ ಹೋದರು. ಐದು ಚೀಟಿ ಬೇಕೆಂದು ಕೇಳಲು ಹೋದವರ ಬಾಯಿಂದ ಹೊರಟದ್ದು ನೂರು ಎಂಬ ಮಾತು. ಇದನ್ನು ಅವರೇ ತಮ್ಮ ಆತ್ಮಕಥನದಲ್ಲಿ ನೆನೆದಿದ್ದಾರೆ. ಲೆಕ್ಕಕ್ಕೆ ಸಿಗದಂತೆ ಅಷ್ಟು ಚೀಟಿ ಹೊರತರಲು ಆ ನೌಕರನಿಗೆ ಒಂದೇ ದಾರಿಯಿತ್ತು. ಕಚೇರಿಯಲ್ಲಿ ದರೋಡೆಯಾದಂತೆ ನಟಿಸಬೇಕು. ಸ್ನೇಹಿತನೊಬ್ಬನಿಂದ ಮುಖ ಊದುವಂತೆ ಹೊಡೆಸಿಕೊಂಡು ಆತ ದರೋಡೆಯ ಕಥೆಯನ್ನು ನಂಬಿಸಿದ. ನೂರು ಚೀಟಿ ಕೊರ್ರಿಯ ಕೈಸೇರಿತು.

ಅದೇ ಪಡಿತರ ಕಚೇರಿ, ಅದೇ ಮೇಜು, ಅದೇ ದಫ್ತರ. ಒಬ್ಬ ಗುಮಾಸ್ತನ ಲೇಖನಿ ನೆರೆಯವರನ್ನು ರೈಲಿಗೆ ಹತ್ತಿಸಿದರೆ ಇನ್ನೊಬ್ಬನ ಕೈ ಅವರ ತಟ್ಟೆಗೆ ಬ್ರೆಡ್ಡು ಹಾಕಿತು.

ಸುಳ್ಳಿನ ಪ್ರಶ್ನೆ

ಈ ಕೆಲಸ ಕೈಗೆತ್ತಿಕೊಂಡ ಮನೆಯವರ ಮುಂದೆ ದೊಡ್ಡ ಧರ್ಮಸಂಕಟ ಎದುರಾಯಿತು. ಸುಳ್ಳು ಹೇಳಬಾರದು, ಕದಿಯಬಾರದು ಎಂದು ಬಾಲ್ಯದಿಂದ ಕಲಿತವರು ಅವರು. ಈಗ ಕಳ್ಳ ಚೀಟಿ, ಸುಳ್ಳು ಗುರುತಿನ ಪತ್ರ, ಸಂಕೇತ ಭಾಷೆ ಎಲ್ಲವೂ ದಿನದ ವಹಿವಾಟಾಯಿತು. ಕೊರ್ರಿ ಇದನ್ನು ಒಪ್ಪಿಕೊಂಡರು. ಆದರೆ ಮದುವೆಯಾಗಿ ಬೇರೆ ಮನೆಯಲ್ಲಿದ್ದ ಅಕ್ಕ ನೊಲ್ಲಿ ಒಪ್ಪಲಿಲ್ಲ. ಅವರ ಮನೆಯಲ್ಲೂ ಯಹೂದಿ ಯುವತಿಯೊಬ್ಬಳು ಆಶ್ರಯ ಪಡೆದಿದ್ದಳು. ಒಂದು ದಿನ ಮನೆಗೆ ನುಗ್ಗಿದ ಪೊಲೀಸರು ಆಕೆ ಯಹೂದಿಯೇ ಎಂದು ಕೇಳಿದಾಗ ನೊಲ್ಲಿ ಹೌದೆಂದುಬಿಟ್ಟರು. ಇಬ್ಬರೂ ಬಂಧಿತರಾದರು.

ಹರಿಶ್ಚಂದ್ರನ ಕಥೆ ಕೇಳಿ ಬೆಳೆದ ನಮಗೆ ನೊಲ್ಲಿಯ ಹಟ ಅಪರಿಚಿತವಲ್ಲ. ಆದರೆ ಹರಿಶ್ಚಂದ್ರ ತನ್ನ ಸತ್ಯಕ್ಕೆ ಬೆಲೆ ತೆತ್ತದ್ದು ತಾನು ಮತ್ತು ತನ್ನವರಿಂದ. ಇಲ್ಲಿ ಬೆಲೆ ತೆರಬೇಕಾಗಿದ್ದವಳು ನಂಬಿ ಬಂದ ಪರರ ಮಗಳು. ಈ ಕಾರಣಕ್ಕೆ ಕೊರ್ರಿ ಅಕ್ಕನ ಮೇಲೆ ಸಿಟ್ಟಾದರು. ಆ ಯುವತಿಯನ್ನು ಇರಿಸಿದ್ದ ಆಮ್‌ಸ್ಟರ್‌ಡ್ಯಾಮ್‌ನ ರಂಗಮಂದಿರದಿಂದ ಭೂಗತ ಕಾರ್ಯಕರ್ತರು ಅವಳನ್ನು ಬಿಡಿಸಿಕೊಂಡು ಹೋದದ್ದು, ನೊಲ್ಲಿ ಕೆಲವು ವಾರಗಳ ಸೆರೆವಾಸದ ನಂತರ ಹೊರಬಂದದ್ದು ಅವರ ಅದೃಷ್ಟ. ಒಡಹುಟ್ಟಿದವರ ನಡುವಿನ ಈ ತರ್ಕ ಅಲ್ಲಿಗೆ ಇತ್ಯರ್ಥವಾಯಿತೆಂದು ಹೇಳಲಾಗದು. ಕೊರ್ರಿ ಮಾತ್ರ ಸುಳ್ಳಿನ ಭಾರವನ್ನು ತಾವೇ ಹೊರಲು ನಿರ್ಧರಿಸಿದ್ದರು.

ಗೋಡೆಯ ಹಿಂದಿನ ಗೋಡೆ

ಅತಿಥಿಗಳ ಸಂಖ್ಯೆ ಹೆಚ್ಚಿದಂತೆ ಮನೆಯಲ್ಲಿ ಅಡಗುತಾಣದ ಅಗತ್ಯ ಬಿತ್ತು. ಭೂಗತ ಚಳವಳಿ ವಾಸ್ತುಶಿಲ್ಪಿಯೊಬ್ಬರನ್ನು ಕಳುಹಿಸಿತು. ಮೇಲಂತಸ್ತಿನಲ್ಲಿದ್ದ ಕೊರ್ರಿಯ ಮಲಗುವ ಕೋಣೆಯನ್ನು ಆತ ಆರಿಸಿಕೊಂಡ. ಶೋಧಕ್ಕೆ ಬಂದವರು ಮೇಲೇರುವುದರೊಳಗೆ ಒಳಗಿದ್ದವರು ಅಡಗಲು ಸಮಯ ಸಿಗಬೇಕು ಎಂಬುದು ಲೆಕ್ಕ. ಗಡಿಯಾರದ ಮರದ ಪೆಟ್ಟಿಗೆಗಳಲ್ಲಿ, ಸುತ್ತಿದ ಕಾಗದಗಳಲ್ಲಿ ಇಟ್ಟಿಗೆ, ಗಾರೆ, ಸಾಮಾನುಗಳು ಒಂದೊಂದಾಗಿ ಒಳಬಂದವು. ಹೊರಗೋಡೆಗೆ ಸಮಾನಾಂತರವಾಗಿ ಇನ್ನೊಂದು ಗೋಡೆ ಎದ್ದಿತು. ಎರಡರ ನಡುವೆ ಉಳಿದದ್ದು ಸುಮಾರು ಮುಕ್ಕಾಲು ಮೀಟರ್ ಅಗಲದ ಕಿರುದಾರಿ. ಹೊಸ ಗೋಡೆಗೆ ಹಳೆಯ ಬಣ್ಣ ಬಳಿದು ನೂರು ವರ್ಷದ ಕಲೆಗಳನ್ನು ಮೂಡಿಸಲಾಯಿತು. ಬಟ್ಟೆಯ ಕಪಾಟಿನ ಕೆಳಗಿನ ಹಲಗೆಯನ್ನು ಸರಿಸಿ ತೆವಳಿಕೊಂಡು ಒಳಹೋಗಬೇಕಿತ್ತು.

ಮನೆಯೊಳಗೆ ಎಚ್ಚರಿಕೆಯ ವಿದ್ಯುತ್ ಗಂಟೆ ಅಳವಡಿಸಲಾಯಿತು. ಅಂಗಡಿಯ ಕಿಟಕಿಯಲ್ಲಿ ಆಲ್ಪಿನಾ ಗಡಿಯಾರ ಕಂಪನಿಯ ಮರದ ಜಾಹೀರಾತು ಫಲಕವಿದ್ದರೆ ಒಳಬರಬಹುದು, ಇಲ್ಲವಾದರೆ ಅಪಾಯ ಎಂಬ ಗುರುತು ಏರ್ಪಟ್ಟಿತು. ದೂರವಾಣಿಯ ಮಾತುಕತೆಯಲ್ಲಿ ಮನುಷ್ಯರು ಗಡಿಯಾರಗಳಾದರು. ರಿಪೇರಿಗೆ ಬಂದ ಗಡಿಯಾರ ಎಂದರೆ ನೆಲೆ ಬೇಕಾದ ಯಹೂದಿ ಎಂದು ಅರ್ಥ.

ಅಭ್ಯಾಸ ನಡೆಯುತ್ತಿತ್ತು. ಗಂಟೆ ಒತ್ತಿದೊಡನೆ ಅತಿಥಿಗಳು ತಟ್ಟೆ ಲೋಟ ಎತ್ತಿಕೊಳ್ಳಬೇಕು, ಹಾಸಿಗೆಯ ಬಿಸಿ ಶೋಧಕರ ಕೈಗೆ ತಾಗದಂತೆ ಹಾಸಿಗೆ ತಿರುವಿಹಾಕಬೇಕು, ಬಟ್ಟೆಬರೆಯ ಕುರುಹು ಉಳಿಸದೆ ಮೇಲೆ ಓಡಿ ಕಪಾಟಿನೊಳಗೆ ನುಸುಳಬೇಕು. ಮೊದಲ ಬಾರಿ ಇದಕ್ಕೆ ನಾಲ್ಕು ನಿಮಿಷ ಹಿಡಿಯಿತು. ದಿನದಿನದ ಅಭ್ಯಾಸದಿಂದ ಅದು 70 ಸೆಕೆಂಡಿಗೆ ಇಳಿಯಿತು.

1943ರಿಂದ ಆರೇಳು ಮಂದಿ ಅಲ್ಲಿ ಖಾಯಂ ಆಗಿ ನೆಲೆಸಿದರು. ಹೆಚ್ಚಿನವರು ಒಂದೆರಡು ದಿನ ತಂಗಿ ಹಳ್ಳಿಯ ಮನೆಗಳಿಗೆ ಸಾಗುತ್ತಿದ್ದರು. ಖಾಯಂ ವಾಸಕ್ಕೆ ಬಂದವರಲ್ಲಿ ಅಸ್ತಮಾ ಇದ್ದ ಮಹಿಳೆಯೊಬ್ಬರಿದ್ದರು. ಅವರ ಏದುಸಿರಿನ ಸದ್ದು ಗೋಡೆಯಾಚೆ ಕೇಳಿದರೆ ಎಲ್ಲರ ಸಾವು ಖಚಿತ. ಅವರನ್ನು ಉಳಿಸಿಕೊಳ್ಳಬೇಕೇ ಬೇಡವೇ ಎಂದು ಮನೆಯವರು ಉಳಿದ ಅತಿಥಿಗಳನ್ನೇ ಕೇಳಿದರು. ಎಲ್ಲರೂ ಉಳಿಸಿಕೊಳ್ಳೋಣ ಎಂದರು. ಪ್ರಾಣಭಯದಲ್ಲಿದ್ದವರೇ ಇನ್ನೊಬ್ಬರಿಗಾಗಿ ಪ್ರಾಣ ಪಣಕ್ಕಿಟ್ಟ ಆ ಸಂಜೆಯನ್ನು ಕೊರ್ರಿ ಮರೆಯಲಿಲ್ಲ.

ಇದೇ ಕಾಲದಲ್ಲಿ ಹೊರಗೆ ಬೇರೊಂದು ವ್ಯಾಪಾರ ನಡೆಯುತ್ತಿತ್ತು. 1943ರಲ್ಲಿ ಅಡಗಿದ ಯಹೂದಿಯನ್ನು ಹಿಡಿದುಕೊಟ್ಟವರಿಗೆ ತಲೆಗೆ ಏಳೂವರೆ ಗಿಲ್ಡರ್ ಬಹುಮಾನ ಸಿಗುತ್ತಿತ್ತು. ಅದನ್ನೇ ಕಸುಬಾಗಿಸಿಕೊಂಡ ಡಚ್ಚರ ತಂಡಗಳಿದ್ದವು. ಗೋಡೆ ಕಟ್ಟಿದವರೂ ತಲೆ ಮಾರಿದವರೂ ಅಕ್ಕಪಕ್ಕದ ಬೀದಿಗಳಲ್ಲೇ ಬಾಳಿದರು.

ಫೆಬ್ರವರಿ 28

1944ರ ಫೆಬ್ರವರಿ 28ರಂದು ಕೊರ್ರಿ ಜ್ವರದಿಂದ ಮಲಗಿದ್ದರು. ಅಪರಿಚಿತನೊಬ್ಬ ಬಂದು, ಯಹೂದಿಗಳಿಗೆ ನೆರವಾದ ತಪ್ಪಿಗೆ ತನ್ನ ಹೆಂಡತಿ ಬಂಧಿತಳಾಗಿದ್ದಾಳೆ, ಪೊಲೀಸನಿಗೆ ಲಂಚ ಕೊಡಲು 600 ಗಿಲ್ಡರ್ ಬೇಕು ಎಂದು ಬೇಡಿಕೊಂಡ. ಅನುಮಾನವಿದ್ದರೂ ಕೊರ್ರಿ ಹಣ ಕೊಡಿಸಲು ಒಪ್ಪಿದರು. ಆತ ಮಾಹಿತಿದಾರನಾಗಿದ್ದ. ಅದೇ ದಿನ ಗೆಸ್ಟಪೊ ಮನೆಗೆ ನುಗ್ಗಿತು.

ಗಂಟೆ ಬಾರಿಸಿತು. ನಾಲ್ವರು ಯಹೂದಿಗಳು, ಇಬ್ಬರು ಭೂಗತ ಕಾರ್ಯಕರ್ತರು ಕೊರ್ರಿಯ ಮಂಚದ ಪಕ್ಕದಿಂದ ಗೋಡೆಯ ಹಿಂದೆ ಸೇರಿಕೊಂಡರು. ಯಹೂದಿಗಳು ಎಲ್ಲಿ ಎಂದು ಕೇಳುತ್ತ ಅಧಿಕಾರಿಗಳು ಕೊರ್ರಿ ಮತ್ತು ಬೆಟ್ಸಿಯರನ್ನು ಹೊಡೆದರು. ಗೋಡೆಗಳನ್ನು ಬಡಿದು ನೋಡಿದರು, ನೆಲದ ಹಲಗೆ ಕಿತ್ತರು. ಬೆಟ್ಸಿ ಕಿಟಕಿಯ ಆಲ್ಪಿನಾ ಫಲಕವನ್ನು ಬೀಳಿಸಿದ್ದರು. ಅದು ಸಂಕೇತವೆಂದು ಅರಿತ ಅಧಿಕಾರಿ ಮತ್ತೆ ಅದನ್ನು ಸ್ವಸ್ಥಾನದಲ್ಲಿಟ್ಟ. ಫಲಕವನ್ನು ನಂಬಿ ಆ ದಿನ ಮನೆಗೆ ಬಂದವರೆಲ್ಲ ಒಬ್ಬೊಬ್ಬರಾಗಿ ಸೆರೆಸಿಕ್ಕರು. ಸುಮಾರು ಮೂವತ್ತು ಮಂದಿಯನ್ನು ಠಾಣೆಗೆ ಒಯ್ಯಲಾಯಿತು.

ಗೋಡೆಯ ಹಿಂದಿದ್ದ ಆರು ಮಂದಿ ಮಾತ್ರ ಸಿಗಲಿಲ್ಲ. ಹಸಿವಿನಿಂದ ಸಾಯಲಿ ಎಂದು ಮನೆಗೆ ಕಾವಲು ಹಾಕಲಾಯಿತು. ನೀರಿಲ್ಲದೆ, ಕೆಮ್ಮಲೂ ಹೆದರಿ, ಅವರು ಸುಮಾರು 47 ಗಂಟೆ ಅಲ್ಲಿಯೇ ಕಳೆದರು. ಕೊನೆಗೆ ಅವರನ್ನು ಹೊರತಂದವರು ಭೂಗತ ಚಳವಳಿಯ ಜೊತೆಗಿದ್ದ ಡಚ್ ಪೊಲೀಸರೇ. ಪೊಲೀಸ್ ಸಮವಸ್ತ್ರವೂ ಎರಡು ಬಗೆಯ ಕೆಲಸಕ್ಕೆ ಒದಗಿತ್ತು. ಆ ನಾಲ್ವರು ಯಹೂದಿಗಳಲ್ಲಿ ಮೂವರು ಯುದ್ಧ ಮುಗಿಯುವವರೆಗೆ ಬದುಕುಳಿದರು. ಅಸ್ತಮಾ ಇದ್ದ ಮಹಿಳೆ ನಂತರ ಸೆರೆಸಿಕ್ಕು ಹತರಾದರು.

ತೆತ್ತ ಬೆಲೆ

ಬಂಧಿತರಲ್ಲಿ ಕ್ಯಾಸ್ಪರ್‌ಗೆ ಆಗ 84 ವರ್ಷ. ವಯಸ್ಸು ನೋಡಿ ಅಧಿಕಾರಿಯೊಬ್ಬ, ಇನ್ನು ತೊಂದರೆ ಕೊಡುವುದಿಲ್ಲವೆಂದು ಮಾತು ಕೊಟ್ಟರೆ ಮನೆಗೆ ಕಳುಹಿಸುವುದಾಗಿ ಹೇಳಿದ. ಇಂದು ಮನೆಗೆ ಹೋದರೆ ನಾಳೆ ಬಾಗಿಲು ತಟ್ಟುವ ಯಾರಿಗಾದರೂ ತೆರೆಯುತ್ತೇನೆ ಎಂಬ ಅರ್ಥದ ಉತ್ತರ ಕೊಟ್ಟು ಆ ವೃದ್ಧರು ಸೆರೆಮನೆಗೆ ನಡೆದರು. ಬಂಧನದ ಹತ್ತನೆಯ ದಿನಕ್ಕೆ ಕೊನೆಯುಸಿರೆಳೆದರು.

ಕೊರ್ರಿ ಸ್ಕೇವೆನಿಂಗೆನ್ ಸೆರೆಮನೆಯ ಒಂಟಿ ಕೋಣೆಯಲ್ಲಿದ್ದರು. ಅಡಗಿದವರ ಗತಿ ಏನಾಯಿತೆಂದು ತಿಳಿಯದೆ ತಳಮಳಿಸುತ್ತಿದ್ದಾಗ ನೊಲ್ಲಿಯ ಪತ್ರವೊಂದು ಬಂತು. ವಿಳಾಸದ ಅಕ್ಷರಗಳು ಅಂಚೆಚೀಟಿಯತ್ತ ವಾಲಿದ್ದವು. ಚೀಟಿ ಬಿಡಿಸಿದಾಗ ಅದರಡಿ ಸೂಕ್ಷ್ಮ ಅಕ್ಷರಗಳಲ್ಲಿ, ಕಪಾಟಿನ ಗಡಿಯಾರಗಳೆಲ್ಲ ಸುರಕ್ಷಿತವಾಗಿವೆ ಎಂಬ ಒಕ್ಕಣೆಯಿತ್ತು.

ಜೂನ್‌ನಲ್ಲಿ ಅಕ್ಕತಂಗಿಯರನ್ನು ವುಗ್ಟ್ ಶಿಬಿರಕ್ಕೆ, ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನ ಉತ್ತರಕ್ಕಿದ್ದ ರಾವೆನ್ಸ್‌ಬ್ರೂಕ್ ಮಹಿಳಾ ಶಿಬಿರಕ್ಕೆ ಸಾಗಿಸಲಾಯಿತು. ಯುದ್ಧದ ಅವಧಿಯಲ್ಲಿ 1.2 ಲಕ್ಷಕ್ಕೂ ಹೆಚ್ಚು ಮಹಿಳೆಯರು ಕಂಡ ನರಕ ಅದು. ಚಿಗಟಗಳಿಂದ ತುಂಬಿದ್ದ ಅವರ ಬ್ಯಾರಕ್ಕಿನೊಳಗೆ ಕಾವಲುಗಾರ್ತಿಯರು ಕಾಲಿಡಲು ಹೇಸುತ್ತಿದ್ದರು. ಅದರಿಂದಾಗಿಯೇ ಅಲ್ಲಿ ಗುಟ್ಟಾಗಿ ಬೈಬಲ್ ಓದು, ಪ್ರಾರ್ಥನೆ ಸಾಧ್ಯವಾಯಿತು. ಮೊದಲೇ ದುರ್ಬಲರಾಗಿದ್ದ ಬೆಟ್ಸಿ 1944ರ ಡಿಸೆಂಬರ್ 16ರಂದು 59ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಿಂಗಳ ಕೊನೆಯ ದಿನಗಳಲ್ಲಿ ಕೊರ್ರಿಯ ಬಿಡುಗಡೆಯಾಯಿತು. ಕಚೇರಿಯ ಬರವಣಿಗೆಯ ತಪ್ಪಿನಿಂದ ತಾವು ಹೊರಬಂದದ್ದೆಂದು ಅವರಿಗೆ ಆಮೇಲೆ ತಿಳಿಯಿತು. ಅಷ್ಟೊಂದು ಜನರನ್ನು ಸಾವಿಗೆ ಕಳುಹಿಸಿದ ಅಚ್ಚುಕಟ್ಟಾದ ಕಾಗದ ಒಮ್ಮೆ ಎಡವಿದ್ದರಿಂದ ಅವರು ಉಳಿದರು.

ಅಣ್ಣ ವಿಲ್ಲೆಮ್ ಸೆರೆಮನೆಯಲ್ಲಿ ತಗುಲಿದ ಕ್ಷಯದಿಂದ 1946ರಲ್ಲಿ ನಿಧನರಾದರು. ವಿಲ್ಲೆಮ್‌ರ ಮಗ ಕಿಕ್ ಜರ್ಮನಿಯ ಶಿಬಿರದಿಂದ ಮರಳಲೇ ಇಲ್ಲ. ಒಂದೇ ಮನೆತನದ ನಾಲ್ವರು ಹೀಗೆ ಇಲ್ಲವಾದರು.

ಕೈ ಚಾಚಿದ ಕಾವಲುಗಾರ

ಯುದ್ಧಾನಂತರ ಕೊರ್ರಿ ಬ್ಲೂಮೆಂಡಾಲ್‌ನಲ್ಲಿ ಪುನರ್ವಸತಿ ಕೇಂದ್ರ ತೆರೆದರು. ಶಿಬಿರಗಳಿಂದ ಬದುಕಿ ಬಂದವರಿಗಷ್ಟೇ ಅಲ್ಲ, ಜರ್ಮನರೊಂದಿಗೆ ಕೈಜೋಡಿಸಿ ಈಗ ಸಮಾಜ ತಿರಸ್ಕರಿಸಿದ ಡಚ್ಚರಿಗೂ ಅಲ್ಲಿ ನೆಲೆ ದೊರೆಯಿತು. 1946ರಿಂದ ಅವರು ಜರ್ಮನಿಯಲ್ಲೇ ಉಪನ್ಯಾಸ ನೀಡತೊಡಗಿದರು.

1947ರಲ್ಲಿ ಮ್ಯೂನಿಕ್‌ನ ಚರ್ಚೊಂದರಲ್ಲಿ ಕ್ಷಮೆಯ ಬಗ್ಗೆ ಮಾತನಾಡಿ ಮುಗಿಸಿದಾಗ ಒಬ್ಬ ವ್ಯಕ್ತಿ ಎದುರಿಗೆ ಬಂದು ಕೈ ಚಾಚಿದ. ಕೊರ್ರಿ ಅವನನ್ನು ಗುರುತಿಸಿದರು. ಅವನು ರಾವೆನ್ಸ್‌ಬ್ರೂಕ್‌ನ ಕಾವಲುಗಾರರಲ್ಲಿ ಒಬ್ಬ. ಆತನಿಗೆ ಇವರ ಗುರುತಿರಲಿಲ್ಲ. ಕ್ಷಮೆಯನ್ನು ಬೋಧಿಸಿದ ಕೊರ್ರಿಯ ಕೈ ಮೇಲೇಳಲಿಲ್ಲ. ಬೆಟ್ಸಿಯ ಕೃಶ ದೇಹ ಕಣ್ಮುಂದೆ ಬಂತು. ಒಳಗೆ ಒಂದಿಷ್ಟೂ ಪ್ರೀತಿಯಿಲ್ಲದೆ, ಬರಿಯ ಸಂಕಲ್ಪದಿಂದ ಅವರು ಕೈ ನೀಡಿದರು. ಕ್ಷಮೆ ಎಂಬುದು ಭಾವನೆಯಲ್ಲ, ಮಾಡಬೇಕಾದ ಕೆಲಸ ಎಂದು ಅವರು ಕಂಡುಕೊಂಡದ್ದು ಅಂದು. ತಮ್ಮನ್ನು ಹಿಡಿದುಕೊಟ್ಟ ಮಾಹಿತಿದಾರನಿಗೂ ಅವರು ಕ್ಷಮೆಯ ಪತ್ರ ಬರೆದರು. ಸತ್ತವರ ಪರವಾಗಿ ಬದುಕಿದವರು ಕ್ಷಮಿಸಬಹುದೇ ಎಂಬ ಪ್ರಶ್ನೆ ಇಂದಿಗೂ ಉಳಿದಿದೆ. ಕೊರ್ರಿ ಕ್ಷಮಿಸಿದ್ದು ತಮ್ಮ ಪಾಲಿನ ನೋವನ್ನು.

ಮುಂದೆ 60ಕ್ಕೂ ಹೆಚ್ಚು ದೇಶಗಳನ್ನು ಸುತ್ತಿದರು. 1967ರಲ್ಲಿ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಯಹೂದಿಗಳನ್ನು ರಕ್ಷಿಸಿದ ಅನ್ಯಧರ್ಮೀಯರಿಗೆ ಸಲ್ಲುವ ಗೌರವವನ್ನು ಅವರಿಗೆ ನೀಡಿತು. ಕ್ಯಾಸ್ಪರ್ ಮತ್ತು ಬೆಟ್ಸಿಯವರಿಗೂ ಮರಣೋತ್ತರವಾಗಿ ಅದೇ ಗೌರವ ಸಂದಿತು. 1971ರಲ್ಲಿ ಶೆರಿಲ್ ದಂಪತಿಯೊಡನೆ ಬರೆದ 'ದ ಹೈಡಿಂಗ್ ಪ್ಲೇಸ್' ಆತ್ಮಕಥನ ಮನೆಮಾತಾಯಿತು, 1975ರಲ್ಲಿ ಚಲನಚಿತ್ರವಾಗಿ ತೆರೆಕಂಡಿತು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಅವರನ್ನು ಮರುವರ್ಷ ಪಾರ್ಶ್ವವಾಯು ಬಡಿಯಿತು. ಅದು ಅವರ ಮಾತನ್ನು ಕಸಿಯಿತು. 1983ರ ಏಪ್ರಿಲ್ 15ರಂದು, ತಮ್ಮ 91ನೆಯ ಹುಟ್ಟುಹಬ್ಬದ ದಿನವೇ, ಅವರು ನಿಧನರಾದರು.

ಉಳಿದ ಲೆಕ್ಕ

1988ರಲ್ಲಿ ಹಾರ್ಲೆಮ್‌ನ ಆ ಮನೆ ವಸ್ತುಸಂಗ್ರಹಾಲಯವಾಯಿತು. ಟೆನ್ ಬೂಮ್ ಕುಟುಂಬ ಮತ್ತು ಅವರ ಗೆಳೆಯರ ಜಾಲದಿಂದ ಉಳಿದ ಯಹೂದಿಗಳ ಸಂಖ್ಯೆ ಸುಮಾರು 800 ಎಂಬುದು ಅಲ್ಲಿನ ಅಂದಾಜು. ಯಾದ್ ವಶೇಮ್ ಗೌರವಿಸಿದ ಡಚ್ಚರು 5,900ಕ್ಕೂ ಹೆಚ್ಚು. ಪೋಲೆಂಡ್ ಬಿಟ್ಟರೆ ಇದೇ ದೊಡ್ಡ ಸಂಖ್ಯೆ.

ಈ ಸಂಖ್ಯೆಯನ್ನು ಹೇಳುವಾಗ 1.02 ಲಕ್ಷವೆಂಬ ಇನ್ನೊಂದು ಸಂಖ್ಯೆಯನ್ನು ಮರೆಯಲಾಗದು. ಎರಡೂ ಒಂದೇ ದೇಶದ ಲೆಕ್ಕ. ಗುಮಾಸ್ತ, ಪೊಲೀಸ್, ಅಂಗಡಿಕಾರ, ನೆರೆಮನೆಯಾತ ಎರಡೂ ಕಡೆ ಇದ್ದರು. ಒಂದು ಕಡೆಯವರು ಅಸಾಮಾನ್ಯರು, ಇನ್ನೊಂದು ಕಡೆಯವರು ರಾಕ್ಷಸರು ಎಂದು ಭಾವಿಸಿದರೆ ನಮ್ಮ ಮನಸ್ಸಿಗೆ ನೆಮ್ಮದಿ ಸಿಗಬಹುದು. ಆದರೆ ಕೊರ್ರಿಯವರ ಬದುಕು ಆ ನೆಮ್ಮದಿ ಕೊಡುವುದಿಲ್ಲ. ಅವರು ಮಾಡಿದ್ದು ಚೀಟಿ ತಂದದ್ದು, ಹಾಸಿಗೆ ಹಾಸಿದ್ದು, ಗಂಟೆಯ ಅಭ್ಯಾಸ ಮಾಡಿಸಿದ್ದು, ಬಾಗಿಲು ತೆರೆದದ್ದು. ಬೀದಿಯ ಯಾವ ಮನೆಯವರೂ ಮಾಡಬಹುದಾಗಿದ್ದ ಕೆಲಸಗಳವು. ಹೆಚ್ಚಿನವರು ಮಾಡಲಿಲ್ಲ. 19ನೇ ಸಂಖ್ಯೆಯ ಮನೆಯವರು ಮಾಡಿದರು.